ಕೆಂಪು ಪೆನ್ನಿನ ರೈಟು ಗುರುತು: ಹಳೆಯ ಆಲ್ಟೋವನ್ನು ಮನೆಯಂಗಳದಲ್ಲೇ ರಿಪೇರಿ ಮಾಡುವ ಬಗೆ

ನಾನು ತಿಪಟೂರಿನ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಇಪ್ಪತ್ತೆರಡು ವರ್ಷ ಉತ್ತರ ಪತ್ರಿಕೆ ತಿದ್ದಿದ ಈ ಕೈಗೆ ಕೆಂಪು ಪೆನ್ನು ಬಿಟ್ಟರೆ ಬೇರೆ ಆಯುಧದ ಪರಿಚಯವಿರಲಿಲ್ಲ. ನಮ್ಮದು 2011ರ ಮಾರುತಿ ಆಲ್ಟೋ. 796 ಸಿಸಿ, ಮೂರು ಸಿಲಿಂಡರು, ಬಿಳಿ ಬಣ್ಣ. 2019ರಲ್ಲಿ ಅದನ್ನು ಸರ್ವೀಸಿಗೆ ಬಿಡುವ ಹಿಂದಿನ ರಾತ್ರಿ, ಏನೋ ಅನುಮಾನ ಬಂದು, ಏರ್ ಫಿಲ್ಟರಿನ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಸಣ್ಣದೊಂದು ರೈಟು ಹಾಕಿದೆ. ಮರುದಿನ ಸಂಜೆ ಕಾರು ಮದುಮಗನ ಹಾಗೆ ಮಿಂಚುತ್ತಾ ಮನೆಗೆ ಬಂತು. ಬಿಲ್ಲಿನಲ್ಲಿ 'ಏರ್ ಫಿಲ್ಟರ್ ಬದಲಿ, 245 ರೂಪಾಯಿ' ಎಂದಿತ್ತು. ಡಬ್ಬಿ ಬಿಚ್ಚಿ ನೋಡಿದರೆ ನನ್ನ ರೈಟು ಇದ್ದಲ್ಲೇ ಇತ್ತು. ನಮ್ಮ ಅಟ್ಟದ ಇಲಿ ಯಾವಾಗಲೋ ತಂದಿಟ್ಟಿದ್ದ ಕೊಬ್ಬರಿ ಚೂರೂ ಅದರ ಪಕ್ಕದಲ್ಲೇ ಇತ್ತು.

ಆ ಜಾಗದ ಹೆಸರು ಇಲ್ಲಿ ಬೇಡ. ಜಗಳಕ್ಕೂ ಹೋಗಲಿಲ್ಲ. ಬಿಲ್ಲನ್ನು ಮೇಜಿನ ಮೇಲೆ ಹರಡಿ ಉತ್ತರ ಪತ್ರಿಕೆಯಂತೆ ತಿದ್ದಲು ಕುಳಿತೆ. ಆಯಿಲ್ 1,140, ಆಯಿಲ್ ಫಿಲ್ಟರ್ 95, ಏರ್ ಫಿಲ್ಟರ್ 245, ಎಂಜಿನ್ ಫ್ಲಶ್ 450, ಇಂಜೆಕ್ಟರ್ ಕ್ಲೀನರ್ 390, ಎ.ಸಿ. ವಾಸನೆಗೆ ಸ್ಪ್ರೇ 520, 'ಇತರೆ ಸಾಮಗ್ರಿ' 180, ಕೂಲಿ 1,850. ಒಟ್ಟು 4,870 ರೂಪಾಯಿ. ಕಾರಿನ ಜೊತೆ ಬಂದ ಕೈಪಿಡಿಯನ್ನು ಎಂಟು ವರ್ಷದಲ್ಲಿ ಮೊದಲ ಸಲ ತೆರೆದು ಸರ್ವೀಸ್ ಪಟ್ಟಿಗೆ ಹೋಲಿಸಿದೆ. ಫ್ಲಶ್, ಕ್ಲೀನರ್, ಸ್ಪ್ರೇ, ಈ ಮೂರರ ಹೆಸರೂ ಅದರಲ್ಲಿಲ್ಲ. ಅಂದರೆ ಕಾರು ನಿಜವಾಗಿ ಕೇಳಿದ್ದು 1,480 ರೂಪಾಯಿಯ ಸಾಮಾನು ಮತ್ತು ಒಬ್ಬ ಮನುಷ್ಯನ ಒಂದೂವರೆ ಗಂಟೆ. ಆ ಮನುಷ್ಯ ನಾನೇ ಯಾಕಾಗಬಾರದು ಎಂದುಕೊಂಡೆ.

ಹಾಗಾಗಿ ನನ್ನ ಮೊದಲ ಸಲಹೆಗೆ ಪಾನಾ ಬೇಡ, ಕನ್ನಡಕ ಸಾಕು. ಕೈಪಿಡಿಯ ಕೊನೆಯಲ್ಲಿ ಎಷ್ಟು ಕಿಲೋಮೀಟರಿಗೆ ಏನನ್ನು ಬದಲಿಸಬೇಕು ಎಂಬ ಕೋಷ್ಟಕ ಇರುತ್ತದೆ. ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನೀವು ಮುಂದೆಂದೂ ಪಾನಾ ಹಿಡಿಯದಿದ್ದರೂ, ಕೌಂಟರಿನಲ್ಲಿ ನಿಂತು 'ಇದು ಪಟ್ಟಿಯಲ್ಲಿ ಇಲ್ಲವಲ್ಲ, ಯಾಕೆ ಬೇಕು?' ಎಂದು ಕೇಳಿದರೆ ಸಾಕು, ಬಿಲ್ಲಿನ ಉದ್ದ ಅಲ್ಲೇ ಕಡಿಮೆಯಾಗುತ್ತದೆ. ಹೊಸ ಕಾರಿನವರು ವಾರಂಟಿ ಮುಗಿಯುವ ತನಕ ಇಷ್ಟನ್ನೇ ಮಾಡಿ. ಅಷ್ಟರೊಳಗೆ ಕೈ ಹಾಕಿ ವಾರಂಟಿಯ ತಕರಾರು ತಂದುಕೊಳ್ಳಬೇಡಿ.

ಯಾವ ಸಾಮಾನು ಬೇಕು

ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಕೊಂಡಿದ್ದು ಇಷ್ಟು: ರಿಂಗ್ ಪಾನಾ ಸೆಟ್ಟು 780, ಪ್ಲಗ್ ಬಿಚ್ಚುವ ಸಾಕೆಟ್ಟೂ ಇರುವ ಸಾಕೆಟ್ ಸೆಟ್ಟು 1,150, ಜಾಕಿಯಿಂದ ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಒಂದು ಜೊತೆ 1,400, ವೋಲ್ಟೇಜು ಅಳೆಯುವ ಮಲ್ಟಿಮೀಟರ್ 320, ಟೈರಿನ ಗಾಳಿ ಅಳೆಯುವ ಗೇಜು 250. ಒಟ್ಟು 3,900. ಎರಡನೆಯ ಸರ್ವೀಸಿನಷ್ಟರಲ್ಲಿ ಬಂಡವಾಳ ವಾಪಸು ಬಂತು. ಆಯಿಲ್ ಹಿಡಿಯುವ ತಟ್ಟೆಗೆ ದುಡ್ಡು ಕೊಡಬೇಡಿ. ಅಡುಗೆ ಎಣ್ಣೆಯ ಐದು ಲೀಟರಿನ ಖಾಲಿ ಕ್ಯಾನನ್ನು ಮಲಗಿಸಿ ಒಂದು ಮಗ್ಗುಲು ಕತ್ತರಿಸಿದರೆ ಆಯಿತು. ಒರೆಸಲು ಹಳೆಯ ಬನಿಯನ್ನು.

ಎರಡು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಂದು, ತೀರಾ ಅಗ್ಗದ ಪಾನಾ ಕೊಳ್ಳಬೇಡಿ. ಅದರ ಬಾಯಿ ಸಡಿಲವಾಗಿ ಬೋಲ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ಮೂಲೆ ಸವೆದ ಬೋಲ್ಟು ಬಿಚ್ಚಿಸಲು ಕೊಡುವ ಕೂಲಿಯಲ್ಲಿ ಒಳ್ಳೆಯ ಸೆಟ್ಟೇ ಬರುತ್ತದೆ. ಎರಡು, ಜಾಕ್ ಸ್ಟ್ಯಾಂಡಿನಲ್ಲಿ ಉಳಿತಾಯ ಮಾಡಬೇಡಿ. ಕಾರಿನ ಜೊತೆ ಬಂದ ಜಾಕಿ ಸ್ಟೆಪ್ನಿ ಹಾಕುವುದಕ್ಕಷ್ಟೇ. ಬರೀ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕುವವನಿಗೆ ನಾನು ಗುರುವಾಗಲಾರೆ. ಇಟ್ಟಿಗೆ, ಸಿಮೆಂಟ್ ಬ್ಲಾಕು ಇಡುವವರನ್ನೂ ನೋಡಿದ್ದೇನೆ. ಇಟ್ಟಿಗೆಗೆ ಮೊದಲು ಬಿರುಕು ಬಿಟ್ಟು ಸೂಚನೆ ಕೊಡುವ ಅಭ್ಯಾಸವಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ.

ಮೊದಲು ಬಾನೆಟ್ ಕೆಳಗಿನ ಕೆಲಸ

ಏರ್ ಫಿಲ್ಟರಿನಿಂದ ಶುರು ಮಾಡಿ. ಡಬ್ಬಿಯ ಕ್ಲಿಪ್ ಎತ್ತಿ ಹಳೆಯದನ್ನು ತೆಗೆಯಿರಿ, ಒಳಗನ್ನು ಒಣ ಬಟ್ಟೆಯಲ್ಲಿ ಒರೆಸಿ, ಹೊಸದನ್ನು ಇಟ್ಟು ಕ್ಲಿಪ್ ಹಾಕಿ. ಹತ್ತು ನಿಮಿಷ. ಫಿಲ್ಟರಿನ ರಬ್ಬರ್ ಅಂಚು ಸುತ್ತಲೂ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಇಲ್ಲವಾದರೆ ದೂಳು ಸಂದಿಯಿಂದಲೇ ಎಂಜಿನ್ನಿಗೆ ಹೋಗುತ್ತದೆ. ನಮ್ಮೂರಿನಂತೆ ಕೊಬ್ಬರಿ ಅಟ್ಟದ ಪಕ್ಕ ಕಾರು ನಿಲ್ಲಿಸುವವರು ಎರಡು ತಿಂಗಳಿಗೊಮ್ಮೆ ಈ ಡಬ್ಬಿ ತೆರೆದು ನೋಡುವುದು ಒಳ್ಳೆಯದು. ಇಲಿಗೆ ಅದಕ್ಕಿಂತ ಬೆಚ್ಚಗಿನ ಮನೆ ಸಿಕ್ಕುವುದಿಲ್ಲ.

ವೈಪರಿನ ಬ್ಲೇಡು, ಹೆಡ್‌ಲೈಟ್ ಬಲ್ಬು, ಫ್ಯೂಸು, ಇವೆಲ್ಲ ಕೈಪಿಡಿಯ ಚಿತ್ರ ನೋಡಿ ಮಾಡಬಹುದಾದವು. ಹ್ಯಾಲೋಜನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಅಂಟಿದ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಫ್ಯೂಸು ಹೋದರೆ ಅದೇ ಆಂಪಿಯರಿನದನ್ನೇ ಹಾಕಿ: ಕೆಂಪು 10, ನೀಲಿ 15, ಹಳದಿ 20. ಮತ್ತೆ ಮತ್ತೆ ಸುಡುತ್ತಿದ್ದರೆ ದೊಡ್ಡ ಫ್ಯೂಸು ಹಾಕುವುದು ಪರಿಹಾರವಲ್ಲ, ವೈರಿಗೆ ಬೆಂಕಿ ಹಚ್ಚುವ ದಾರಿ.

ಬ್ಯಾಟರಿಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಾನು ಅತಿ ಹೆಚ್ಚು ದುಡ್ಡು ಉಳಿಸಿದ್ದು ಇಲ್ಲಿಯೇ. ಒಂದು ಮಾರ್ಗಶಿರದ ಬೆಳಿಗ್ಗೆ ನನ್ನ ಷಡ್ಡಕರ ಕಾರು ಸೆಲ್ಫ್ ಹೊಡೆದರೆ ಬರೀ 'ಟಕ್' ಎನ್ನುತ್ತಿತ್ತು. ಫೋನಿನಲ್ಲೇ ಯಾರೋ 'ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ' ಎಂದು ತೀರ್ಪು ಕೊಟ್ಟಿದ್ದರು. ನಾನು ಮಲ್ಟಿಮೀಟರ್ ಹಿಡಿದು ಹೋದೆ. ಅದನ್ನು 20 ವೋಲ್ಟ್ ಡಿ.ಸಿ.ಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್‌ಗೂ ಕಪ್ಪು ಕಡ್ಡಿಯನ್ನು ಮೈನಸ್‌ಗೂ ಮುಟ್ಟಿಸಿದೆ. 12.5 ತೋರಿಸಿತು. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದ್ದರೆ ಸುಮಾರು 12.6 ಇರುತ್ತದೆ, 12.2 ಎಂದರೆ ಅರ್ಧ ಖಾಲಿ. ಹಾಗಾದರೆ ಬ್ಯಾಟರಿಯಲ್ಲಿ ಸರಕಿದೆ, ಆದರೆ ಅದು ಸ್ಟಾರ್ಟರಿಗೆ ತಲುಪುತ್ತಿಲ್ಲ.

ಇನ್ನೊಂದು ಪರೀಕ್ಷೆ ಮಾಡಿದೆ. ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಗೂಟದ ನಡು ನೆತ್ತಿಗೆ ಒತ್ತಿ ಹಿಡಿದು, ಕಪ್ಪು ಕಡ್ಡಿಯನ್ನು ಅದೇ ಗೂಟವನ್ನು ಹಿಡಿದಿರುವ ಕ್ಲಾಂಪಿಗೆ ಒತ್ತಿ, 'ಈಗ ಸೆಲ್ಫ್ ಹೊಡೆಯಿರಿ' ಎಂದೆ. ಗೂಟ ಮತ್ತು ಕ್ಲಾಂಪು ಒಂದನ್ನೊಂದು ಮುಟ್ಟಿಕೊಂಡೇ ಇರುವುದರಿಂದ ಮೀಟರು ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು. ಅದು 3 ವೋಲ್ಟ್ ದಾಟಿತು. ಒಂದು ಕೂದಲೆಳೆಯ ಸಂದಿಯಲ್ಲಿ ಮೂರು ವೋಲ್ಟ್ ಕಳೆದುಹೋಗುತ್ತಿತ್ತು. ಕ್ಲಾಂಪು ಬಿಚ್ಚಿದರೆ ಒಳಗೆಲ್ಲ ಹಸಿರುಬಿಳಿ ಪುಡಿ, ಮಳೆಗಾಲದ ಉಪ್ಪಿನಕಾಯಿ ಜಾಡಿಯ ಬಾಯಿಯಂತೆ.

ಶುಚಿ ಮಾಡುವ ಕ್ರಮ ಹೀಗೆ. ಉಂಗುರ, ಕೈಗಡಿಯಾರ ತೆಗೆದಿಡಿ. ಮೊದಲು ಮೈನಸ್ ಕ್ಲಾಂಪು ಬಿಚ್ಚಿ, ಆಮೇಲೆ ಪ್ಲಸ್. ಕಾರಿನ ಇಡೀ ಕಬ್ಬಿಣದ ಮೈ ಮೈನಸ್‌ಗೆ ಸೇರಿದೆ. ಮೈನಸ್ ಬಿಚ್ಚದೆ ಪ್ಲಸ್‌ಗೆ ಪಾನಾ ಹಾಕಿ, ಪಾನಾದ ಇನ್ನೊಂದು ತುದಿ ಬಾಡಿಗೆ ತಗುಲಿದರೆ ದೀಪಾವಳಿ. ಒಂದು ಲೋಟ ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಬುರುಗು ಬಂದು ಪುಡಿ ಕರಗುತ್ತದೆ. ಸೋಡಾ ನೀರು ಬ್ಯಾಟರಿಯ ಮುಚ್ಚಳದ ಒಳಗೆ ಹೋಗದಂತೆ ನೋಡಿಕೊಳ್ಳಿ. ಒರೆಸಿ, ಒಣಗಿಸಿ, ಗೂಟವನ್ನು ಮರಳು ಕಾಗದದಿಂದ ಹೊಳೆಯುವಷ್ಟು ತಿಕ್ಕಿ. ಜೋಡಿಸುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ. ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಸವರಿ.

ಕಾರು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಎಂಜಿನ್ ಓಡುತ್ತಿದ್ದಾಗ ಬ್ಯಾಟರಿಯ ಮೇಲೆ ಮೀಟರು 14.1 ತೋರಿಸಿತು. ಇದು 13.8ರಿಂದ 14.5ರ ಆಸುಪಾಸಿನಲ್ಲಿದ್ದರೆ ಆಲ್ಟರ್ನೇಟರ್, ಅಂದರೆ ಎಂಜಿನ್ನಿನ ಬಲದಿಂದ ಕರೆಂಟು ಹುಟ್ಟಿಸುವ ಯಂತ್ರ, ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿದೆ ಎಂದರ್ಥ. ಎಂಜಿನ್ ಓಡುತ್ತಿದ್ದರೂ 12ರಲ್ಲೇ ತೂಕಡಿಸುತ್ತಿದ್ದರೆ ಹೊಸ ಬ್ಯಾಟರಿ ಹಾಕಿಯೂ ನಾಲ್ಕು ದಿನದಲ್ಲಿ ಅದೇ ಕಥೆ. ಷಡ್ಡಕರಿಗೆ ಅಂದು ಉಳಿದದ್ದು ಒಂದು ಬ್ಯಾಟರಿಯ ದುಡ್ಡು. ನನಗೆ ಸಿಕ್ಕಿದ್ದು ತಟ್ಟೆ ಇಡ್ಲಿ ಮತ್ತು ಮುಂದಿನ ಎಲ್ಲ ಹಬ್ಬಗಳಲ್ಲೂ ನೆಂಟರ ಕಾರು ನೋಡುವ ಉದ್ಯೋಗ.

ಆಯಿಲ್ ಬದಲಿಸುವುದು

ಇದೇ ನಿಜವಾದ ಉಪನಯನ. ಕೈಪಿಡಿಯಲ್ಲಿ ಬರೆದಿರುವ ಗ್ರೇಡಿನ ಆಯಿಲ್ ಮೂರು ಲೀಟರ್, ಒಂದು ಫಿಲ್ಟರು, ಹಳೆಯ ಆಯಿಲ್ ಇಳಿಸಲು ಎಂಜಿನ್ನಿನ ಅಡಿಯಲ್ಲಿರುವ ಡ್ರೈನ್ ಬೋಲ್ಟಿಗೆ ಹೊಸ ವಾಷರು ತಂದಿಟ್ಟುಕೊಳ್ಳಿ. ನಮ್ಮ ಆಲ್ಟೋಗೆ ಫಿಲ್ಟರೂ ಸೇರಿ 2.7 ಲೀಟರಿನಷ್ಟು ಹಿಡಿಯುತ್ತದೆ, ಉಳಿದದ್ದು ಆಮೇಲೆ ಮಟ್ಟ ಸರಿಮಾಡಲು ಬರುತ್ತದೆ.

ಎಂಜಿನ್ನನ್ನು ಐದು ನಿಮಿಷ ಓಡಿಸಿ ನಿಲ್ಲಿಸಿ. ಆಯಿಲ್ ಉಗುರುಬೆಚ್ಚಗಾದರೆ ಸಲೀಸಾಗಿ ಇಳಿಯುತ್ತದೆ, ಕುದಿಯುವಷ್ಟು ಬಿಸಿಯಿದ್ದರೆ ಮೊಣಕೈ ಸುಡುತ್ತದೆ. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕು, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು. ಕೈಪಿಡಿ ತೋರಿಸಿದ ಜಾಗಕ್ಕೇ ಜಾಕಿ ಕೊಟ್ಟು ಎತ್ತಿ, ಸ್ಟ್ಯಾಂಡ್ ಕೂರಿಸಿ. ಅಡಿಗೆ ಹೋಗುವ ಮುಂಚೆ ಕಾರನ್ನು ಭುಜದಿಂದ ಒಮ್ಮೆ ಜೋರಾಗಿ ತಳ್ಳಿ ನೋಡಿ. ಅಲುಗಾಡುವುದಾದರೆ ನೀವು ಹೊರಗಿರುವಾಗಲೇ ಅಲುಗಾಡಲಿ.

ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿಡಿ. ಕೆಳಗೆ ತಟ್ಟೆ ಇಟ್ಟು ಡ್ರೈನ್ ಬೋಲ್ಟನ್ನು ರಿಂಗ್ ಪಾನಾದಿಂದ ಸಡಿಲಿಸಿ, ಕೊನೆಯ ಸುತ್ತುಗಳನ್ನು ಬೆರಳಿನಿಂದ ತಿರುಗಿಸಿ. ಬೋಲ್ಟನ್ನು ಮೇಲಕ್ಕೆ ಒತ್ತಿ ಹಿಡಿದೇ ತಿರುಗಿಸುತ್ತಾ, ಥ್ರೆಡ್ ಮುಗಿಯಿತು ಎನ್ನಿಸಿದಾಗ ಸರಕ್ಕನೆ ಪಕ್ಕಕ್ಕೆ ಎಳೆದುಕೊಂಡರೆ ಕೈ ಕಪ್ಪಾಗುವುದಿಲ್ಲ. ಮೊದಲ ಮೂರು ಸಲ ನನ್ನ ಬೋಲ್ಟು ತಟ್ಟೆಯೊಳಗೇ ಬಿತ್ತು. ಕಾಲು ಗಂಟೆ ಸೋರಲು ಬಿಡಿ, ಹೊಸ ವಾಷರು ಹಾಕಿ ಬೋಲ್ಟು ಕೂರಿಸಿ.

ಫಿಲ್ಟರನ್ನು ಕೈಯಿಂದ ತಿರುಗಿಸಿ ಬಿಚ್ಚಿ. ಬರದಿದ್ದರೆ ಮರಳು ಕಾಗದವನ್ನು ಒರಟು ಭಾಗ ಒಳಗಾಗುವಂತೆ ಸುತ್ತಿ ಹಿಡಿದು ತಿರುಗಿಸಿ. ಬಿಚ್ಚಿದ ಮೇಲೆ ಹಳೆಯ ರಬ್ಬರ್ ಉಂಗುರ ಫಿಲ್ಟರಿನ ಜೊತೆಗೇ ಬಂತೇ ಎಂದು ನೋಡಲೇಬೇಕು. ಅದು ಎಂಜಿನ್ನಿಗೆ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸ ಉಂಗುರ ಕೂತರೆ, ಎಂಜಿನ್ ಶುರುವಾದ ಕೂಡಲೇ ಆಯಿಲೆಲ್ಲ ಅಂಗಳಕ್ಕೆ. ಹೊಸ ಫಿಲ್ಟರಿನ ಉಂಗುರಕ್ಕೆ ಬೆರಳಿನಿಂದ ಹೊಸ ಆಯಿಲ್ ಸವರಿ, ಉಂಗುರ ತಗುಲುವ ತನಕ ತಿರುಗಿಸಿ, ಅಲ್ಲಿಂದ ಮುಂದೆ ಮುಕ್ಕಾಲು ಸುತ್ತು. ಕೈ ಬಲ ಸಾಕು, ಪಾನಾ ಬೇಡ.

ಬಿಗಿಯ ವಿಚಾರದಲ್ಲಿ ನಾನು ಕಲಿತ ಪಾಠದ ಶುಲ್ಕ ದುಬಾರಿಯಾಯಿತು. ಎರಡನೆಯ ಸಲ ಆಯಿಲ್ ಬದಲಿಸಿದಾಗ 'ಸೋರಿಬಿಟ್ಟರೆ?' ಎಂಬ ಭಯಕ್ಕೆ ಪಾನಾದ ತುದಿಗೆ ಪೈಪು ಸಿಕ್ಕಿಸಿ ಡ್ರೈನ್ ಬೋಲ್ಟನ್ನು ಬಿಗಿದೆ. ಬಿಗಿಯಾಗುತ್ತಾ ಹೋಗಿದ್ದ ಬೋಲ್ಟು ಇದ್ದಕ್ಕಿದ್ದಂತೆ ಬೆಣ್ಣೆಯಲ್ಲಿ ತಿರುಗಿದ ಹಾಗೆ ಹಗುರಾಯಿತು. ಆ ಹಗುರ ಕೈಗೆ ಗೊತ್ತಾದ ಕ್ಷಣದಲ್ಲೇ ಹೊಟ್ಟೆಯೊಳಗೆ ಏನೋ ಜಾರಿತು. ಥ್ರೆಡ್ ಹೋಗಿತ್ತು. ಹನಿ ಹನಿಯಾಗಿ ಸೋರುತ್ತಿದ್ದ ಆಯಿಲ್ಲಿಗೆ ಡಬ್ಬಿ ಹಿಡಿದು, ನಮ್ಮ ಬೀದಿಯ ಹಳೆಯ ಮೆಕ್ಯಾನಿಕ್ಕರನ್ನು ಕರೆತಂದೆ. ಊರಿಗೆಲ್ಲ ಅವರು ಮೇಸ್ತ್ರಿ. ಅವರು ಬೋಲ್ಟನ್ನು ಬೆಳಕಿಗೆ ಹಿಡಿದು ನೋಡಿ, 'ಮೇಷ್ಟ್ರೇ, ಹುಡುಗರ ಕಿವಿ ಹಿಂಡುವಷ್ಟು ಬಿಗಿ ಸಾಕಾಗಿತ್ತು' ಎಂದರು. ದಪ್ಪ ಬೋಲ್ಟು, ಹೊಸ ಥ್ರೆಡ್, ಅವರ ಕೂಲಿ, ಚೆಲ್ಲಿದ ಆಯಿಲ್ ಎಲ್ಲ ಸೇರಿ 1,900 ರೂಪಾಯಿ. ಪಾನಾವನ್ನು ಅದರ ನಡುವಿನಲ್ಲಿ ಹಿಡಿದು, ಮಣಿಕಟ್ಟಿನ ಬಲದಿಂದ ಬಿಗಿ ಮಾಡಿ, ವಾಷರು ಅಮುಕಿದ್ದು ಕೈಗೆ ತಿಳಿದ ಮೇಲೆ ಇನ್ನೊಂದು ಸಣ್ಣ ಎಳೆತ. ಅಷ್ಟೇ. ನಾನೀಗ ಹಾಗೇ ಮಾಡುತ್ತೇನೆ, ಹನಿ ಕೂಡ ಸೋರಿಲ್ಲ.

ಕಾರನ್ನು ಸ್ಟ್ಯಾಂಡಿನಿಂದ ಇಳಿಸಿ. ಎರಡೂವರೆ ಲೀಟರ್ ಸುರಿದು, ಮುಚ್ಚಳ ಹಾಕಿ, ಸ್ಟಾರ್ಟ್ ಮಾಡಿ. ಆಯಿಲ್ಲಿನ ಕೆಂಪು ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ನಿಲ್ಲಿಸಿ. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಐದು ನಿಮಿಷ ಕಾದು ಆಯಿಲ್ ಕಡ್ಡಿ ಎಳೆದು ನೋಡಿ, ಮೇಲಿನ ಗೆರೆಯ ಹತ್ತಿರಕ್ಕೆ ಬರುವಷ್ಟು ಸ್ವಲ್ಪ ಸ್ವಲ್ಪವೇ ಸೇರಿಸಿ. 'ಇನ್ನಷ್ಟು ಇರಲಿ' ಎಂದು ಗೆರೆ ದಾಟಿಸಬೇಡಿ, ಹೆಚ್ಚಾದರೂ ಎಂಜಿನ್ನಿಗೆ ಕೆಡುಕೇ.

ಹಳೆಯ ಆಯಿಲ್ಲನ್ನು ಚರಂಡಿಗಾಗಲಿ ಮಣ್ಣಿಗಾಗಲಿ ಸುರಿಯಬೇಡಿ. ಅದರಲ್ಲಿ ಲೋಹದ ಅಂಶವೂ ಸುಟ್ಟ ಕಿಟ್ಟವೂ ಇರುತ್ತದೆ. ನಾನು ಅದನ್ನು ಒಂದು ಕ್ಯಾನಿಗೆ ತುಂಬಿ ಮೇಸ್ತ್ರಿಯ ಡ್ರಮ್ಮಿಗೆ ಸುರಿದು ಬರುತ್ತೇನೆ. ಡ್ರಮ್ಮು ತುಂಬಿದಾಗ ಮರುಬಳಕೆಯವರು ಬಂದು ಕೊಂಡೊಯ್ಯುತ್ತಾರೆ.

ಪ್ಲಗ್ಗು, ಬಿಡಿಭಾಗ

ಸ್ಪಾರ್ಕ್ ಪ್ಲಗ್ಗನ್ನು ಎಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಬಿಚ್ಚಿ. ಒಂದು ಬಿಚ್ಚಿ, ಹೊಸದು ಹಾಕಿ, ಕೇಬಲ್ ಸಿಕ್ಕಿಸಿ, ಆಮೇಲೆ ಮುಂದಿನದಕ್ಕೆ ಹೋಗಿ. ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಯಾವ ಕೇಬಲ್ ಎಲ್ಲಿಯದು ಎಂಬ ಒಗಟು ಬಿಡಿಸುತ್ತಾ ಕೂರಬೇಕು. ಕೇಬಲ್ಲನ್ನು ಎಳೆಯುವಾಗ ತುದಿಯ ರಬ್ಬರ್ ಟೋಪಿ ಹಿಡಿಯಿರಿ, ವೈರು ಹಿಡಿಯಬೇಡಿ. ಪ್ಲಗ್ಗು ಸಡಿಲಿಸುವ ಮೊದಲು ಸುತ್ತಲಿನ ದೂಳನ್ನು ಸೈಕಲ್ ಪಂಪಿನಿಂದ ಊದಿ. ಹೊಸ ಪ್ಲಗ್ಗಿನ ತಲೆಗೆ ಗೇಣುದ್ದದ ರಬ್ಬರ್ ಕೊಳವೆ ಸಿಕ್ಕಿಸಿ ಅದರಿಂದಲೇ ತಿರುಗಿಸಲು ಶುರುಮಾಡಿ. ಥ್ರೆಡ್ ಅಡ್ಡ ಬಿದ್ದರೆ ಕೊಳವೆ ಜಾರುತ್ತದೆ, ಎಂಜಿನ್ ಬಚಾವಾಗುತ್ತದೆ. ತೆಗೆದ ಪ್ಲಗ್ಗಿನ ತುದಿ ತಿಳಿ ಕಂದು ಬಣ್ಣದ್ದಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿ ಉರಿಯುತ್ತಿದೆ. ಆಯಿಲ್ ಜಿಡ್ಡಿದ್ದರೆ ಮೇಸ್ತ್ರಿಗೆ ತೋರಿಸಿ.

ಬಿಡಿಭಾಗ ಕೊಳ್ಳುವಾಗ ಹಳೆಯದರ ಮೇಲಿನ ಪಾರ್ಟ್ ನಂಬರಿನ ಫೋಟೋ ಒಯ್ಯಿರಿ. 'ಆಲ್ಟೋ ಫಿಲ್ಟರ್ ಕೊಡಿ' ಎಂದರೆ ಆಲ್ಟೋಗಳಲ್ಲೇ ಯಾವುದು ಎಂಬ ಪ್ರಶ್ನೆ ಬರುತ್ತದೆ. ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಗೆ ಒಮ್ಮೆ ಹೋಗಿ, ಮೂರು ಅಂಗಡಿಯಲ್ಲಿ ಬೆಲೆ ಕೇಳಿ ನಾಲ್ಕನೆಯದರಲ್ಲಿ ಕೊಳ್ಳುವುದು ನನ್ನ ಪದ್ಧತಿ. ಆದರೆ ಆಯಿಲ್ ಮತ್ತು ಫಿಲ್ಟರಿಗೆ ಮಾತ್ರ ಅಧಿಕೃತ ಕೌಂಟರನ್ನೇ ನೆಚ್ಚಿದ್ದೇನೆ, ನಕಲಿಗಳ ಕಾಟ ಅಲ್ಲೇ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿಭಾಗಗಳ ಜಿ.ಎಸ್.ಟಿ. 28ರಿಂದ ಶೇಕಡಾ 18ಕ್ಕೆ ಇಳಿದಿದೆ. ಹಳೆಯ ಬೆಲೆಯ ಚೀಟಿ ತೋರಿಸುವ ಅಂಗಡಿಯಲ್ಲಿ ಇದನ್ನು ನೆನಪಿಸಿ.

ನಾನು ಕೈ ಹಾಕದ ಕೆಲಸಗಳೂ ಇವೆ. ಬ್ರೇಕು, ಸ್ಟಿಯರಿಂಗು, ಪೆಟ್ರೋಲಿನ ಪೈಪು, ಏರ್‌ಬ್ಯಾಗಿನ ವೈರು, ಎ.ಸಿ. ಗ್ಯಾಸು, ಟೈಮಿಂಗ್ ಬೆಲ್ಟು. ಬ್ರೇಕ್ ಆಯಿಲ್ಲಿನ ಮಟ್ಟವನ್ನು ಡಬ್ಬಿಯ ಹೊರಗಿನಿಂದ ನೋಡುತ್ತೇನೆ, ಇಳಿದಿದ್ದರೆ ಮೇಸ್ತ್ರಿಯ ಬಳಿ ಹೋಗುತ್ತೇನೆ. ಬಿಸಿ ರೇಡಿಯೇಟರಿನ ಮುಚ್ಚಳವನ್ನಂತೂ ಯಾರೂ ಬಿಚ್ಚಬಾರದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಹಾರುತ್ತದೆ. ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟ್ ಕಡಿಮೆಯಿದ್ದರೆ ತಣ್ಣಗಾದ ಮೇಲೆ ಪಕ್ಕದ ಡಬ್ಬಿಗೆ ಸರಿಯಾದ ಕೂಲಂಟನ್ನೇ ಹಾಕಿ, ನಮ್ಮ ಸೀಮೆಯ ಗಡಸು ಬೋರ್‌ವೆಲ್ ನೀರನ್ನಲ್ಲ. ಬೋರ್ ನೀರು ಸ್ನಾನದ ಹಂಡೆಗೆ ಏನು ಮಾಡುತ್ತದೆ ಎಂಬುದನ್ನು ನೋಡಿದವರಿಗೆ ಬೇರೆ ವಿವರಣೆ ಬೇಡ.

ಇಷ್ಟೆಲ್ಲ ಆದ ಮೇಲೆ ಒಂದು ನೂರು ಪುಟದ ನೋಟ್‌ಬುಕ್ ಇಡಿ. ತಾರೀಕು, ಕಿಲೋಮೀಟರು, ಏನು ಬದಲಿಸಿದೆ, ಎಲ್ಲಿ ಕೊಂಡೆ, ಎಷ್ಟಾಯಿತು. ಪ್ರತಿ ರಸೀದಿಯನ್ನು ಅದೇ ಪುಟಕ್ಕೆ ಪಿನ್ ಮಾಡಿ. ಕಾರು ಮಾರುವ ದಿನ ಕೊಳ್ಳುವವನ ಕೈಗೆ ಕೊಡಲು ಬರುತ್ತದೆ. ನನ್ನ ಪುಸ್ತಕದ ಆಯಿಲ್ ಥ್ರೆಡ್ಡಿನ ಪುಟದಲ್ಲಿ 1,900ರ ಪಕ್ಕ ಕೆಂಪು ಪೆನ್ನಿನಿಂದ ದೊಡ್ಡದೊಂದು ತಪ್ಪು ಗುರುತಿದೆ. ಅದನ್ನು ಹಾಕಿದ್ದು ನಾನಲ್ಲ, ನಮ್ಮ ಮನೆಯವರು.